ಬಸ್ ಸ್ಟಾಪಿನ ಮೇಲೆ ಬಿದ್ದ ಹ್ಯಾಮರ್

ಜುಲೈ 14, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಆರ್ಚಿ ಗಿಲಾಂಡರ್ಸ್ ಭುಜಕ್ಕೆ ಕರವಸ್ತ್ರ ಒತ್ತಿಕೊಂಡು ಇನ್ವರ್‌ಕಾರಿ ಊರಿನ ಪೊಲೀಸ್ ಠಾಣೆಗೆ ಬಂದ. ಇನ್ನೊಂದು ಕೈಯಲ್ಲಿ ಉದ್ದ ಹಿಡಿಯ ಕಬ್ಬಿಣದ ಗುಂಡು, ಕ್ರೀಡಾಕೂಟದಲ್ಲಿ ಎಸೆಯುವ ಹ್ಯಾಮರ್. ಸಾಕ್ಷ್ಯವನ್ನೇ ಹೊತ್ತು ತಂದಿದ್ದ ಪುಣ್ಯಾತ್ಮ.

"ಬಸ್ ಸ್ಟಾಪಲ್ಲಿ ಮಟನ್ ಪೈ ತಿಂತಿದ್ದೆ ಮೇಡಂ. ಇದು ಸೂರು ಒಡ್ಕೊಂಡು ಬಿತ್ತು. ಪೈ ಹೋಯ್ತು!"

"ಭುಜ?"

"ಭುಜ ವಾಸಿಯಾಗುತ್ತೆ. ಪೈ?"

ಸಾರ್ಜೆಂಟ್ ಮೋರಾಗ್ ಟಲ್ಲಾಕ್ ನಗು ನುಂಗಿಕೊಂಡು ದೂರು ಬರೆದುಕೊಂಡಳು. ಗೇಣು ಈಚೆ ಬಿದ್ದಿದ್ದರೆ ತಲೆಯೇ ಹೋಗುತ್ತಿತ್ತು. ಬೇಕೆಂದು ಮಾಡದಿದ್ದರೂ ಪರರ ಜೀವ ಲೆಕ್ಕಿಸದೆ ಗಾಯ ಮಾಡಿದರೆ ಸ್ಕಾಟ್ಲೆಂಡಿನಲ್ಲಿ ಅದು ಅಪರಾಧವೇ.

ಸ್ಥಳ ಮಹಜರು. ಬಸ್ ಸ್ಟಾಪಿನ ಹಿಂದೆ ಎತ್ತರದ ಬೇಲಿ, ಆಚೆ ಹುಲ್ಲುಗಾವಲು. ಅಲ್ಲಿ ನೆಲದಲ್ಲಿ ಚಾಕುವಿನಿಂದ ಸೀಳಿದಂಥ ಎರಡು ಗುರುತು. ಇಲ್ಲಿ ಹ್ಯಾಮರ್ ಎಸೆಯುವವರು ಬೂಟಿನ ತುದಿಯ ಅಲಗನ್ನು ನೆಲಕ್ಕೆ ನೆಟ್ಟು, ಬೆನ್ನ ಹಿಂದಕ್ಕೆ ಎಸೆಯುತ್ತಾರೆ.

"ರಸ್ತೆಗೆ ಬೆನ್ನು ಹಾಕಿ ನಿಂತಿದಾರೆ. ತಿರುಗೂ ನೋಡಿಲ್ಲ," ಎಂದಳು ಮೋರಾಗ್.

"ಹೆಜ್ಜೆ ಚಿಕ್ಕದು ಮೇಡಂ," ಎಂದ ಕಾನ್‌ಸ್ಟೆಬಲ್ ನಿನಿಯನ್. "ನಮ್ಮೂರ ಗಂಡಸರ ಪಾದ ದೋಣಿ ಇದ್ದಂಗಿರುತ್ತೆ."

ಇಬ್ಬರೂ ಟೇಪು ಹಿಡಿದು ಆ ಗುರುತಿನಿಂದ ಬಸ್ ಸ್ಟಾಪಿನವರೆಗೆ ದೂರ ಅಳೆದರು. ಆಮೇಲೆ ಬೂಟಿಗೆ ಅಲಗು ಹಾಕುವ ಕಮ್ಮಾರನ ಬಳಿ ಹೋದರು.

"ಈಚೆಗೆ ಯಾವ ಹೆಂಗಸಿಗೆ ಹಾಕಿಕೊಟ್ಟೆ?"

"ಎಫಿ ರ್‍ಯಾಟ್ರೆ. ಶಾಲೆಲಿ ಅಡುಗೆ ಮಾಡ್ತಿದ್ರಲ್ಲ, ಅವರಿಗೆ."

ಎಫಿ ಹುಲ್ಲುಗಾವಲಿನ ಅಂಚಿನಲ್ಲೇ ಸಿಕ್ಕಳು, ಕೋಲಿನಿಂದ ತುರಿಕೆ ಗಿಡ ಬಡಿಯುತ್ತ.

"ನನ್ನ ಹ್ಯಾಮರ್ ಎಲ್ಲಿ ಹಾಳಾಗಿ ಹೋಯ್ತೋ ಕಣೆ ಮೋರಾಗ್! ಶನಿವಾರ ಪಂದ್ಯ."

"ಆರ್ಚಿ ಭುಜಕ್ಕೆ ಬಿತ್ತು, ಮಿಸೆಸ್ ರ್‍ಯಾಟ್ರೆ."

ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವರೇ! ಬದುಕಿದಾನಾ?"

"ಪೈಗೋಸ್ಕರ ಅಳ್ತಿದಾನೆ."

"ತಪ್ಪು ನಂದೇ. ತಿರುಗಿ ನೋಡ್ಬೇಕಿತ್ತು. ನಡಿ, ಕರ್ಕೊಂಡು ಹೋಗು."

ಬಂಧಿಸಿ ಠಾಣೆಗೆ ಕರೆತಂದು ಹೇಳಿಕೆ ಪಡೆದರು. ಹದಿನೇಳರ ವಯಸ್ಸಿನಲ್ಲಿ ಅದೇ ಹುಲ್ಲುಗಾವಲಿನಲ್ಲಿ ಎಫಿ ಗಂಡಸರಷ್ಟೇ ದೂರ ಎಸೆದಿದ್ದಳು. 'ಯಾರು ನೋಡಿದ್ರು?' ಎಂದು ಕ್ರೀಡಾಕೂಟದವರು ನಕ್ಕು ಅವಳನ್ನು ಚಹಾದ ಡೇರೆಗೆ ಅಟ್ಟಿದ್ದರು. ಅಲ್ಲಿಂದಾಚೆ ಪ್ರತಿ ಕೂಟದಲ್ಲೂ ಚಹಾ ಬಗ್ಗಿಸಿದ್ದೇ ಬಂತು. ಹೆಂಗಸರಿಗೂ ಪಂದ್ಯ ಇಟ್ಟಿದ್ದು ಈ ವರ್ಷವೇ. ಆ ಖುಷಿಯಲ್ಲಿ ಬೆನ್ನ ಹಿಂದೆ ರಸ್ತೆಯಿರುವುದೇ ಮರೆತುಹೋಗಿತ್ತು.

"ಕೋರ್ಟಿಗೆ ಬರ್ತೀನಂತ ಬರೆದುಕೊಟ್ಟು ಮನೆಗೆ ಹೋಗಿ," ಎಂದಳು ಮೋರಾಗ್. "ಶನಿವಾರ ಮೈದಾನದಲ್ಲೇ ಎಸೀರಿ."

ಎಫಿ ಪೆನ್ನು ಹಿಡಿದವಳು ಮೆಲ್ಲಗೆ ಕೇಳಿದಳು, "ಹೌದೂ, ಎಷ್ಟು ದೂರ ಹೋಗಿತ್ತು ಕಣೆ?"

"ಎಪ್ಪತ್ತನಾಲ್ಕು ಅಡಿ. ಕಾನೂನಿಗೆ ಎರಡು ಸಾಕ್ಷಿ ಬೇಕಲ್ಲ, ನಾವಿಬ್ಬರೂ ಸಹಿ ಹಾಕಿದೀವಿ."

ಬೆಂಚಿನ ಮೇಲೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ ಆರ್ಚಿ ಎದ್ದು ನಿಂತ. "ನನ್ನನ್ನೂ ಸೇರಿಸ್ಕೊಳ್ಳಿ ಮೇಡಂ. ನನಗಿಂತ ಹತ್ತಿರದಿಂದ ನೋಡಿದೋರು ಯಾರಿದಾರೆ?"

ಎಫಿ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಸಹಿ ಹಾಕಿದಳು.