ನರಳುವ ಕಾರು

"ಟಾರ್ಚು ನನ್ನ ಮುಖಕ್ಕಲ್ಲ ಕಣಮ್ಮ, ಬೋಲ್ಟಿಗೆ ಹಿಡಿ!"

ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದ ತಾತ ಗದರಿದರು. ಲಾಸ್ಯ ಬೆಳಕನ್ನು ಕೆಳಕ್ಕೆ ತಿರುಗಿಸಿದಳು.

ತಾತನ ಹೆಸರು ಸಿದ್ದಮಲ್ಲಪ್ಪ. ಬನ್ನಿಮಂಟಪದ ಆ ಬೀದಿಯಲ್ಲಿ ಇಷ್ಟು ಹಳೆಯ ಕಾರನ್ನು ಇಟ್ಟುಕೊಂಡು, ಅದರ ರಿಪೇರಿಯನ್ನೂ ತಾವೇ ಮಾಡಿಕೊಳ್ಳುವವರು ಅವರೊಬ್ಬರೇ. ದೀಪಾವಳಿ ಕಳೆದ ಮೇಲೆ ಅಜ್ಜಿ ಮಹದೇವಮ್ಮ ಲಿಂಗೈಕ್ಯರಾದರು. ಅಂದು ಕಾರಿನ ಮೇಲೆ ಹೊದಿಸಿದ ಟಾರ್ಪಾಲನ್ನು ತಾತ ತೆಗೆದದ್ದು ಇವತ್ತೇ. ಈ ವಾರ ಶಿವರಾತ್ರಿ. ನಂಜನಗೂಡು ದಾರಿಯ ತೋಟದಲ್ಲಿ ಅಜ್ಜಿಯ ಗದ್ದುಗೆಯಿದೆ. ಹಬ್ಬದ ಬೆಳಿಗ್ಗೆ ಅಲ್ಲಿ ವಿಭೂತಿ ಧರಿಸಿ, ಬಿಲ್ವಪತ್ರೆ ಏರಿಸಬೇಕು.

"ಬಸ್ಸಲ್ಲೇ ಹೋಗೋಣಪ್ಪ," ಎಂದು ಲಾಸ್ಯಳ ಅಪ್ಪ ಹೇಳಿ ನೋಡಿದ್ದರು. ತಾತ ಒಪ್ಪಲಿಲ್ಲ. "ಅವಳು ಓಡಾಡಿದ ಕಾರಲ್ಲೇ ಹೋಗೋದು."

ಆದರೆ ಸ್ಟಾರ್ಟ್ ಮಾಡಿದರೆ ಸಾಕು, ಕಾರು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು.

"ಇಂಜಿನ್ನು ಕಬ್ಬಿಣದ ಮೇಲೆ ನೇರವಾಗಿ ಕೂರಲ್ಲ," ಎಂದರು ತಾತ ಸ್ಪ್ಯಾನರ್ ತಿರುಗಿಸುತ್ತ. "ಈ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತೆ, ನಿಂಗೆ ದಿಂಬಿದ್ದ ಹಾಗೆ. ಹಳೇ ಕಾರಲ್ಲಿ ಮೊದಲು ಕೈಕೊಡೋದೇ ಇದು. ನಿಂತಾಗಲೇ ನಡುಕ ಜಾಸ್ತಿ. ಒಂಚೂರು ರೇಸ್ ಕೊಟ್ರೆ ಕಮ್ಮಿಯಾಗುತ್ತೆ. ನಿಮ್ಮಜ್ಜಿಗೆ ಸೊಂಟನೋವಲ್ವಾ, ಸಿಗ್ನಲ್ಲಲ್ಲೆಲ್ಲ ರೇಸ್ ಕೊಟ್ಕೊಂಡೇ ನಿಲ್ತಿದ್ದೆ."

ಇಂಜಿನ್ನಿನ ಕೆಳಗೆ ಮರದ ಹಲಗೆಯಿಟ್ಟು ಜಾಕ್ ಏರಿಸಿದ್ದರು. ಬೋಲ್ಟು ಕಿರುಗುಟ್ಟಿ ಹೊರಬಂತು. ಅದರ ಹಿಂದೆಯೇ ರಬ್ಬರ್ ಎರಡು ತುಂಡಾಗಿ ತಾತನ ಕೈಗೆ ಬಂತು. ಅದು ಉಬ್ಬಿ, ಮೆತ್ತಗಾಗಿ, ಜಿಡ್ಡು ಜಿಡ್ಡಾಗಿತ್ತು.

ತಾತನ ಮುಖ ಕಪ್ಪಿಟ್ಟಿತು.

"ಹೋದ ವರ್ಷ ಹಾಕಿದ ಹೊಸಾ ರಬ್ಬರು! ಎಣ್ಣೆ ಕುಡಿದು ಕೊಳೆತು ಹೋಗಿದೆ. ರಬ್ಬರಿಗೆ ಎಣ್ಣೆ ಅಂದ್ರೆ ವಿಷ ಕಣೇ. ಯಾರು ಚೆಲ್ಲಿದ್ದು?" ರಸ್ತೆಯ ಕಡೆ ತಿರುಗಿ, "ಚಂದ್ರು! ದಸರಾಗೆ ಮುಂಚೆ ಆಯಿಲ್ ಚೇಂಜ್ ಮಾಡಿದ್ದು ಅವನೇ!" ಎಂದರು.

"ತಾತಾ..." ಎಂದಳು ಲಾಸ್ಯ. ಅಷ್ಟರಲ್ಲಿ ತಾತ ಗೇಟು ದಾಟಿಯಾಗಿತ್ತು.

ಎದುರುಗಡೆಯೇ ಚಂದ್ರುವಿನ ಗ್ಯಾರೇಜು. ಸ್ಕೂಟರ್ ತಂದವರೊಬ್ಬರು ಕಾಯುತ್ತ ಕೂತಿದ್ದರು. ಚಂದ್ರುವಿನ ಮಗಳು ಸಿಂಚನ ಹಳೆಯ ಟೈರಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಅವಳು ಲಾಸ್ಯಳ ಕ್ಲಾಸಿನವಳು, ಒಂದೇ ಬೆಂಚಿನವಳು.

"ಏನಯ್ಯಾ ಚಂದ್ರು, ಆಯಿಲ್ ಹಾಕು ಅಂದ್ರೆ ಮೌಂಟಿಂಗಿಗೆ ಅಭಿಷೇಕ ಮಾಡಿದ್ಯಾ?"

"ಇಲ್ಲ ಅಣ್ಣೋರೆ, ಒಂದು ತೊಟ್ಟೂ ಚೆಲ್ಲಿಲ್ಲ. ತಾಯಿ ಚಾಮುಂಡಿ ಆಣೆ."

"ಆಣೆ ಬೇರೆ ಕೇಡು! ಅವಳನ್ನ ಕೊನೇ ಸಲ ಆಸ್ಪತ್ರೆಗೆ ಕರ್ಕೊಂಡು ಹೋದಾಗ ದಾರಿಯುದ್ದಕ್ಕೂ ಕಾರು ಗಡಗಡ ನಡುಗ್ತು. ಸೊಂಟ ಹಿಡ್ಕೊಂಡು ನರಳಿದಳು. ಆ ನೋವು ನಿನ್ನಿಂದ ಕಣಯ್ಯಾ!"

ಚಂದ್ರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಕಾಯುತ್ತಿದ್ದವರು ಸ್ಕೂಟರ್ ತಳ್ಳಿಕೊಂಡು ಹೊರಟುಹೋದರು.

ಈಚೆ ಲಾಸ್ಯ ಆ ರಬ್ಬರ್ ತುಂಡನ್ನು ಎತ್ತಿ ಮೂಸಿದಳು. ಕಪ್ಪು ಗ್ರೀಸಿನ ವಾಸನೆಯ ಒಳಗಿನಿಂದ ಇನ್ನೊಂದು ವಾಸನೆ ಬಂತು. ಮೆಂತ್ಯ, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಅಜ್ಜಿಯ ತಲೆಯ ವಾಸನೆ.

"ನರಳೋದಕ್ಕೆಲ್ಲ ಎಣ್ಣೆ ಬೇಕು ಕಣೇ," ಎನ್ನುತ್ತಿದ್ದರು ಅಜ್ಜಿ. ಪ್ರತಿ ಶನಿವಾರ ಅದೇ ಗಿಂಡಿಯಿಂದ ಬಾಗಿಲ ಕೀಲಿಗೆ ಎರಡು ಹನಿ, ತಮ್ಮ ಮಂಡಿಗೆ ಒಂದಿಷ್ಟು, ಲಾಸ್ಯಳ ತಲೆಗೆ ಒಂದು ಹಿಡಿ. ಒಂದು ಸಲ ಕಾರು ಸ್ಟಾರ್ಟಾಗುವಾಗ ಕಟಕಟ ಅಂದಿತು. ಅಂದಿನಿಂದ ಅದಕ್ಕೂ ಶುರುವಾಯಿತು. ತಾತ ಪೂಜೆಗೆ ಕೂತಿರುವಾಗ ಲಾಸ್ಯ ಬಾನೆಟ್ ತೆಗೆಯುವಳು, ಗಿಂಡಿ ಹಿಡಿಯುವಳು. ಅಜ್ಜಿ ಬಗ್ಗಿ, ಸದ್ದು ಬರುವ ಕಡೆ ಬೆರಳಿನಿಂದ ಎಣ್ಣೆ ಸವರುವರು.

"ತಾತಂಗೆ ಹೇಳ್ಬುಟ್ಟೀಯ, ಜೋಕೆ! ಇಬ್ಬರಿಗೂ ಬೈತಾರೆ."

"ಇಲ್ಲಜ್ಜಿ, ಪ್ರಾಮಿಸ್," ಎಂದಿದ್ದಳು ಲಾಸ್ಯ.

ಮಾರನೆಯ ದಿನ ಕ್ಲಾಸಿನಲ್ಲಿ ಸಿಂಚನ ಬ್ಯಾಗೆತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಳು.

"ಯಾಕೆ ಸಿಂಚು?"

"ಮಾತಾಡ್ಬೇಡ. ನಮ್ಮಪ್ಪನ್ನ ಎಲ್ಲರ ಮುಂದೆ ಬೈದ್ರಲ್ಲ ನಿಮ್ ತಾತ! ಅಪ್ಪ ಊಟಾನೇ ಮಾಡ್ಲಿಲ್ಲ. 'ಆ ಅಮ್ಮ ಬಿಸಿಲಲ್ಲಿ ಕರೆದು ಕರೆದು ಮಜ್ಜಿಗೆ ಕೊಟ್ಟವ್ರೆ, ಅವ್ರಿಗೆ ನಾನು ನೋವು ಕೊಡ್ತೀನಾ' ಅಂತ ಅತ್ರು. ನಮ್ಮಪ್ಪ ಅಳೋದನ್ನ ನಾನು ನೋಡೇ ಇರ್ಲಿಲ್ಲ, ಗೊತ್ತಾ?"

ಊಟದ ಬೆಲ್ ಹೊಡೆದಾಗ ಲಾಸ್ಯ ಡಬ್ಬಿ ತೆರೆಯಲೇ ಇಲ್ಲ. ಹೇಳಿದರೆ ಅಜ್ಜಿಗೆ ಕೊಟ್ಟ ಮಾತು ತಪ್ಪಿದಂತೆ. ಅಜ್ಜಿಯ ನೋವಿಗೆ ಅಜ್ಜಿಯೇ ಕಾರಣ ಎಂದಂತೆ. 'ಹಾಗಲ್ಲ' ಎನ್ನಲು ಅಜ್ಜಿ ಈಗ ಇಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಗಿಂಡಿ ಹಿಡಿದಿದ್ದು ಅವಳ ಕೈ.

ಸಂಜೆ ಮನೆಗೆ ಬಂದಾಗ ತಾತ ದೇವರ ಕೋಣೆಯಲ್ಲಿದ್ದರು. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವಿತ್ತು. ಆಗ ಮಾತಾಡಿಸಬಾರದು. ಲಾಸ್ಯ ಹೊಸಿಲ ಹೊರಗೆ ಕೂತು ಕಾದಳು. ತಾತ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು, ಕೊರಳಿಗೆ ಧರಿಸಿಕೊಂಡರು.

"ತಾತಾ, ಚಂದ್ರು ಅಂಕಲ್ ಚೆಲ್ಲಿದ್ದಲ್ಲ."

ತಾತ ತಿರುಗಿ ನೋಡಿದರು.

"ಅಜ್ಜಿ ಹಾಕ್ತಿದ್ರು. ತಲೆ ಎಣ್ಣೆ. ಕಾರಿಗೆ ನೋವಾಗುತ್ತೆ ಅಂತ. ಗಿಂಡಿ... ಗಿಂಡಿ ನಾನೇ ಹಿಡ್ಕೊಂಡಿದ್ದೆ."

ದೀಪದ ಕುಡಿ ಚಟಪಟ ಎಂದಿತು.

"ಆ ರಬ್ಬರು ತಗೊಂಡು ಬಾ."

ಲಾಸ್ಯ ಪೇಪರಿನಲ್ಲಿ ಸುತ್ತಿ ತಂದುಕೊಟ್ಟಳು. ತಾತ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಉಸಿರನ್ನು ಒಳಗೆಳೆದುಕೊಂಡವರು ಬಿಡಲು ಮರೆತ ಹಾಗಿದ್ದರು.

"ಕಾರಿನ ತಲೆಗೂ ಎಣ್ಣೆ ಒತ್ತಿದ್ದಾಳೆ, ಹುಚ್ಚಿ," ಎಂದರು. ನಗಲು ಹೋದರು. ನಗು ಅರ್ಧಕ್ಕೇ ಮುರಿಯಿತು.

"ನಂದೂ ತಪ್ಪು, ತಾತಾ."

"ಗಿಂಡಿ ನೆಟ್ಟಗೆ ಹಿಡ್ಕೊಂಡಿದ್ದೆಯಾ?"

"ಹ್ಞೂಂ."

"ಅಜ್ಜಿ ಸೀರೆ ಮೇಲೆ ಚೆಲ್ಲಲಿಲ್ಲ ತಾನೆ?"

"ಇಲ್ಲ."

"ಸರಿ. ಹೋಗಿ ಮುಖ ತೊಳ್ಕೊ."

ತಾತ ಹೆಗಲಿಗೆ ಶಲ್ಯ ಹಾಕಿಕೊಂಡು ರಸ್ತೆ ದಾಟಿದರು. ಲಾಸ್ಯ ಗೇಟಿನ ಹಿಂದೆ ನಿಂತು ನೋಡಿದಳು. ತಾತ ಏನು ಹೇಳಿದರೋ ಕೇಳಿಸಲಿಲ್ಲ. ಅವರು ಎರಡೂ ಕೈ ಮುಗಿದದ್ದು ಮಾತ್ರ ಕಾಣಿಸಿತು. "ಅಯ್ಯಯ್ಯೋ, ಬುಡಿ ಅಣ್ಣೋರೆ, ದೊಡ್ಡೋರು ನೀವು!" ಎಂದು ಚಂದ್ರು ಆ ಕೈಗಳನ್ನು ಹಿಡಿದುಕೊಂಡ. ಒಳಗಿದ್ದ ಸಿಂಚನ ಲಾಸ್ಯಳ ಕಡೆ ನೋಡಿದಳು. ನಗಲಿಲ್ಲ. ಮುಖ ತಿರುಗಿಸಲೂ ಇಲ್ಲ.

ಬೆಳಿಗ್ಗೆ ತಾತ ಹೊಸ ಮೌಂಟಿಂಗ್ ಕೂರಿಸುವಾಗ ಬೋಲ್ಟಿನ ತೂತು ಎಷ್ಟು ತಿಣುಕಿದರೂ ಕೂಡಲಿಲ್ಲ. ಚಂದ್ರು ತಾನಾಗಿಯೇ ಬಂದು, ಇಂಜಿನ್ನಿಗೆ ಭುಜ ಕೊಟ್ಟು ತುಸು ಪಕ್ಕಕ್ಕೆ ತಳ್ಳಿ ಹಿಡಿದ. ಬೋಲ್ಟು ಒಳಗೆ ಹೋಯಿತು. ಚಂದ್ರು ಬನೀನಿಗೆ ಕೈ ಒರೆಸಿಕೊಂಡು ಹೊರಟುಹೋದ.

ಶಿವರಾತ್ರಿಯ ದಿನ ಎಲ್ಲರೂ ಹೊರಟು ನಿಂತಾಗ ಸಿಂಚನ ಓಡಿ ಬಂದಳು. ಅವಳ ಬೊಗಸೆಯಲ್ಲಿ ಕಣಗಿಲೆ ಹೂವಿತ್ತು.

"ಅಪ್ಪ ಕೊಟ್ಟು ಬಾ ಅಂದ್ರು. ಅಜ್ಜಿಗೆ," ಎಂದು ಹೂವನ್ನು ಲಾಸ್ಯಳ ಬುಟ್ಟಿಗೆ ಹಾಕಿ, ಬಂದ ಹಾಗೇ ಓಡಿಹೋದಳು.

ಅಪ್ಪ ಅಮ್ಮ ಹಿಂದೆ ಕೂತರು. ಮುಂದಿನದು ಅಜ್ಜಿಯ ಸೀಟು. ತಾತ ಅಲ್ಲಿ ಲಾಸ್ಯಳನ್ನು ಕೂರಿಸಿ ಬೆಲ್ಟ್ ಹಾಕಿದರು.

ಕಾರು ಹೊರಟಿತು. ಕಟಕಟ ಇಲ್ಲ, ಗಡಗಡ ಇಲ್ಲ. ಹೈವೇ ಸರ್ಕಲ್ಲಿನಲ್ಲಿ ಸಿಗ್ನಲ್ ಕೆಂಪಾಯಿತು. ಕಾರು ನಿಂತಿತು. ಲಾಸ್ಯ ಮಡಿಲಿನ ಬುಟ್ಟಿ ನೋಡಿದಳು. ಒಂದು ಬಿಲ್ವದೆಲೆಯೂ ಅಲುಗುತ್ತಿರಲಿಲ್ಲ.

ಆಗ ಇಂಜಿನ್ನು ಮೆಲ್ಲಗೆ ಗುಂಯ್‌ ಎಂದಿತು. ತಾತನ ಬಲಗಾಲು ಆಕ್ಸಿಲರೇಟರನ್ನು ಒಂಚೂರೇ ಒತ್ತಿ ಹಿಡಿದಿತ್ತು. ಅವರ ಕಣ್ಣು ಕೆಂಪು ದೀಪದ ಮೇಲಿತ್ತು.

"ಈಗ್ಯಾಕಪ್ಪ ರೇಸು? ನಡುಕ ಹೋಯ್ತಲ್ಲ..." ಎಂದು ಅಪ್ಪ ಹಿಂದಿನಿಂದ ಶುರುಮಾಡಿದರು.

ಲಾಸ್ಯ ತಿರುಗಿ ಅಪ್ಪನನ್ನೇ ನೋಡಿದಳು. ಅಪ್ಪ ಕಿಟಕಿಯ ಕಡೆ ತಿರುಗಿದರು.

ಆಮೇಲೆ ಅವಳು ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, ಸೀಟಿನಲ್ಲಿ ಬಾಗಿಲ ಕಡೆಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ಕೂತಳು.