ಐದನೇ ಖಾನೆಯ ಮನೆ

"ಅಮ್ಮಾ, ಟೈಲರಮ್ಮನ ಮನೆ ಇವತ್ತೂ ಐದರಲ್ಲೇ ಕೂತಿದೆ!"

"ಕೂತಿರ್ಲಿ ಬಿಡು. ನೀನು ಎದ್ದು ಶೂ ಹಾಕ್ಕೋ," ಎಂದಳು ಅಮ್ಮ. ಅವಳ ಒಂದು ಕಣ್ಣು ಒಲೆಯ ಮೇಲಿದ್ದ ಹಾಲಿನ ಕಡೆ, ಇನ್ನೊಂದು ಗಡಿಯಾರದ ಕಡೆ.

ಕಡ್ಡಿ ಲ್ಯಾಪ್‌ಟಾಪ್ ಮುಂದಿನಿಂದ ಅಲ್ಲಾಡಲಿಲ್ಲ. ಅವಳಿಗೆ ಒಳ್ಳೆಯ ಹೆಸರೇ ಇದೆ. ಆದರೆ ಅದು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ. ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಜಗಳದಲ್ಲೂ ಅವಳು ಕಡ್ಡಿಯೇ.

ಅವಳ ಅಪ್ಪನದು ಚಾವಣಿ ಕೆಲಸ. ಹಳೆಯ ಹೆಂಚು ಇಳಿಸಿ ಹೊಸದನ್ನು ಹೊದಿಸುವುದು. ಅಪ್ಪ ಅಲ್ಲಿ ಏಣಿ ಹತ್ತಿದರೆ ಅಮ್ಮ ಇಲ್ಲಿ ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಾಳೆ. ಎಷ್ಟು ಹೆಂಚು ಬೇಕು, ಎಷ್ಟು ಹಲಗೆ ಬೇಕು, ಯಾವ ದಿನ ಯಾವ ಕೆಲಸ, ಎಲ್ಲವನ್ನೂ ನೋಡಿಕೊಳ್ಳಲು ಒಂದು ಸಾಫ್ಟ್‌ವೇರ್ ಇದೆ. ಪರದೆಯ ಮೇಲೆ ಒಂದೊಂದು ಮನೆಗೂ ಒಂದೊಂದು ಕಾರ್ಡ್. ಕಾರ್ಡ್ ಓಡಾಡಲು ಆರು ಖಾನೆ: ಅಳತೆ, ಎಸ್ಟಿಮೇಟ್, ಸಾಮಾನು, ಬಿಚ್ಚುವುದು, ಹೊದಿಸುವುದು, ಮುಗಿಯಿತು. ಒಂದು ಹಂತ ಆದಮೇಲೆ ಅಮ್ಮ ಕಾರ್ಡನ್ನು ಮುಂದಿನ ಖಾನೆಗೆ ಎಳೆಯುತ್ತಾಳೆ.

ಟೈಲರಮ್ಮನ ಮನೆ ಇದ್ದದ್ದು ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಲ್ಲಿ. ಅಪ್ಪ ಅಲ್ಲಿಗೆ ಹೋಗಿ ಮೂರು ವಾರ ದಾಟಿತ್ತು. "ಕಾರ್ಡ್ ಆರಕ್ಕೆ ಬಂದ ದಿನವೇ ನಾನು ಬಸ್ ಹತ್ತೋದು," ಎಂದು ಹೇಳಿ ಹೋಗಿದ್ದ.

ಊರಲ್ಲೇ ಕೆಲಸ ಇದ್ದಾಗ ಕಡ್ಡಿಯನ್ನು ಶಾಲೆಗೆ ಬಿಡುತ್ತಿದ್ದವನು ಅಪ್ಪನೇ. ದಾರಿಯುದ್ದಕ್ಕೂ ಕತ್ತೆತ್ತಿ ನಡೆಯುತ್ತಿದ್ದ. "ನೋಡು, ಆ ಮನೆಗೆ ಹೆಂಚು ಹಾಕಿದೋನು ಎಡಚ. ಇದನ್ನ ನೋಡು, ಮಧ್ಯಾಹ್ನ ಊಟ ಆದ್ಮೇಲೆ ಹಾಕಿದಾರೆ. ಸಾಲು ಹೇಗೆ ತೂಕಡಿಸ್ತಿದೆ!" ಕಡ್ಡಿ ನಕ್ಕು ನಕ್ಕು ಎಡವುತ್ತಿದ್ದಳು. ಈಗಲೂ ಅವಳು ಕತ್ತೆತ್ತಿಯೇ ಹೋಗುತ್ತಾಳೆ. ಮನೆಗಳು ಮಾತ್ರ ಬಾಯಿ ಬಿಡುವುದಿಲ್ಲ. ಅಪ್ಪ ಬೇಕು ಅನಿಸುತ್ತದೆ. ತುಂಬಾ ಬೇಕು ಅನಿಸುತ್ತದೆ.

ಅಷ್ಟರಲ್ಲಿ ಹಾಲು ಉಕ್ಕಿತು. "ಅಯ್ಯೋ ರಾಮಾ!" ಎಂದು ಅಮ್ಮ ಬೆನ್ನು ತಿರುಗಿಸಿ ಒಲೆ ಒರೆಸತೊಡಗಿದಳು.

ಕಡ್ಡಿ ಪರದೆಯನ್ನೇ ನೋಡಿದಳು. ಅಪ್ಪ ಯಾವಾಗಲೂ ಹೇಳುತ್ತಿದ್ದ, "ನನಗೇನು ಸ್ವಂತ ಬುದ್ಧಿ ಇದೆಯಾ? ನಿಮ್ಮಮ್ಮನ ಸ್ಕ್ರೀನು ಹೋಗು ಅಂದ್ರೆ ಹೋಗ್ತೀನಿ, ಬಾ ಅಂದ್ರೆ ಬರ್ತೀನಿ."

ಹಾಗಾದರೆ ಬಾ ಅಂತ ಹೇಳಿಬಿಡೋಣ, ಎಂದುಕೊಂಡಳು. ಕಾರ್ಡನ್ನು ಐದರಿಂದ ಆರಕ್ಕೆ ಎಳೆದಳು. 'ಖಚಿತವೇ?' ಎಂದು ಪರದೆ ಕೇಳಿತು. ಇದು ಸರಿಯಲ್ಲ ಎಂದು ಅವಳಿಗೆ ಅರ್ಧ ಗೊತ್ತಿತ್ತು. ಆದರೂ 'ಹೌದು' ಒತ್ತಿದಳು. ಕಾರ್ಡ್ ಹಸಿರಾಯಿತು.

ಅವತ್ತು ಶಾಲೆಯಲ್ಲಿ ಅವಳು ಕೂತಲ್ಲಿ ಕೂರಲಿಲ್ಲ. ಕೊನೆಯ ಬೆಲ್ ಹೊಡೆದದ್ದೇ ತಡ, ಬ್ಯಾಗು ಬೆನ್ನಿಗೆ ಬಡಿಯುತ್ತಿದ್ದರೂ ಲೆಕ್ಕಿಸದೆ ಮನೆಗೆ ಓಡಿದಳು. ಬಾಗಿಲಲ್ಲಿ ಅಪ್ಪನ ಬೂಟು ಇರಲಿಲ್ಲ. ಒಳಗೆ ಅಪ್ಪನ ದನಿ ಇತ್ತು. ಅದು ಬರುತ್ತಿದ್ದದ್ದು ಅಮ್ಮನ ಫೋನಿನಿಂದ.

"ನಾವು ಹೆಂಚು ಲೋಡ್ ಮಾಡಿಸೋಕೆ ಹೋಗಿದ್ವಿ ಕಣೇ. ಬಂದು ನೋಡಿದ್ರೆ ಸಾರುವೆನೇ ಇಲ್ಲ! ಬಾಡಿಗೆಗೆ ಕೊಟ್ಟೋರು ಲಾರಿ ತಂದು ಬಿಚ್ಕೊಂಡು ಹೋಗಿದಾರೆ. ಕೇಳಿದ್ರೆ, ಕೆಲಸ ಮುಗೀತು ಅಂತ ನಿಮ್ಮಿಂದಲೇ ಮೆಸೇಜ್ ಬಂತಲ್ಲ ಅಂತಾರೆ."

ಸಾರುವೆ ಎಂದರೆ ಕೆಲಸದವರು ಎತ್ತರದಲ್ಲಿ ನಿಲ್ಲಲು ಗೋಡೆಯ ಸುತ್ತ ಕಟ್ಟುವ ಪೈಪು, ಹಲಗೆಗಳ ಅಟ್ಟ. ಕಾರ್ಡ್ ಆರಕ್ಕೆ ಹೋದರೆ ಸಾರುವೆಯವರಿಗೂ ಮನೆಯವರಿಗೂ ತಂತಾನೇ ಮೆಸೇಜ್ ಹೋಗುತ್ತದೆ. ಕಡ್ಡಿಗೆ ಅದು ಗೊತ್ತೇ ಇರಲಿಲ್ಲ.

"ಆಗಲೇ ಅದನ್ನ ಇನ್ನೊಂದು ಮನೆಗೆ ಸಾಗಿಸಿದಾರಂತೆ. ಶನಿವಾರದ ತನಕ ಸಿಗಲ್ಲ," ಎಂದ ಅಪ್ಪ. "ಅರ್ಧ ಚಾವಣಿ ಬಾಯಿ ತೆರ್ಕೊಂಡಿದೆ. ಹೇಗೋ ಏಣಿ ಹಾಕಿ ಟಾರ್ಪಾಲ್ ಬಿಗಿದಿದೀನಿ."

"ಯಾರು ಆರಕ್ಕೆ ಹಾಕಿದ್ದು?" ಎಂದು ಅಮ್ಮ ತನ್ನಷ್ಟಕ್ಕೆ ಕೇಳಿಕೊಂಡಳು.

"ನಾನು ಲ್ಯಾಪ್‌ಟಾಪ್ ಮುಟ್ಟೇ ಇಲ್ಲ!" ಎಂದಳು ಕಡ್ಡಿ, ಬಾಗಿಲಿನಿಂದಲೇ.

ಅಮ್ಮ ನಿಧಾನವಾಗಿ ತಿರುಗಿದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಿನ್ನನ್ನ ಯಾರೇ ಕೇಳಿದ್ದು?"

"ನಾನೇ," ಎಂದಳು ಕಡ್ಡಿ.

"ಯಾಕಮ್ಮಾ ಕಡ್ಡಿ?" ಫೋನಿನಲ್ಲಿ ಅಪ್ಪ ಕೇಳಿದ. ಬೈಯುವ ದನಿಯಲ್ಲ. ಬೈದಿದ್ದರೇ ವಾಸಿಯಿತ್ತು.

"ನೀನು ಬರ್ಲಿ ಅಂತ."

"ಈಗ ಇನ್ನೂ ಒಂದು ವಾರ ಜಾಸ್ತಿ ಆಯ್ತಲ್ಲೇ," ಎಂದ ಅಪ್ಪ.

ಕಡ್ಡಿ ಬಿಕ್ಕಿ ಬಿಕ್ಕಿ ಅತ್ತಳು. ಕಾದ ಮೂರು ವಾರ ಸಾಲದು ಎಂಬಂತೆ ಇನ್ನೊಂದು ವಾರವನ್ನು ತಾನೇ ತಂದು ತಲೆಮೇಲೆ ಹಾಕಿಕೊಂಡಿದ್ದಳು.

ಬುಧವಾರ ಅಲ್ಲಿ ಮಳೆ ಸುರಿಯಿತು. ಗಾಳಿಗೆ ಟಾರ್ಪಾಲ್ ಕಿತ್ತು ಬಂದು ಒಳಗಿನ ಹಲಗೆಗಳು ನೆನೆದವು. ಅವನ್ನು ಮತ್ತೆ ಅಳೆದು ಹೊಸ ಎಸ್ಟಿಮೇಟ್ ಹಾಕಬೇಕಾಯಿತು. ಭಾನುವಾರ ಬೆಳಿಗ್ಗೆ ಅಮ್ಮ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು, "ನೀನೂ ನಡಿ," ಎಂದಳು.

ಟೈಲರಮ್ಮನ ಮನೆಯ ಕೆಳಗಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲಿನ ಸಾಮಾನೆಲ್ಲ ಅಲ್ಲಿಗೇ ಬಂದಿತ್ತು. ಮಂಚದ ಮೇಲೆ ಬಟ್ಟೆಯ ಗಂಟುಗಳು, ಗಂಟುಗಳ ನಡುವೆ ಹೊಲಿಗೆ ಯಂತ್ರ, ಯಂತ್ರದ ಪಕ್ಕದಲ್ಲೇ ಊಟದ ತಟ್ಟೆ. ಟೈಲರಮ್ಮ ತಲೆ ಎತ್ತದೆ, "ಬನ್ನಿ ಬನ್ನಿ, ಎಲ್ಲಾದ್ರೂ ಜಾಗ ಸಿಕ್ಕಿದ್ರೆ ಕೂತ್ಕೊಳ್ಳಿ," ಎಂದಳು.

ಸಾರುವೆ ಹಿಂದಿನ ಸಂಜೆಯಷ್ಟೇ ವಾಪಸ್ ಬಂದಿತ್ತು. ಅಪ್ಪ ಅದರ ಮೇಲಿಂದ ಸರಸರನೆ ಇಳಿದು ಬಂದ. ಕಡ್ಡಿ ಓಡಿಹೋಗಿ ಅವನ ಅಂಗಿಯಲ್ಲಿ ಮುಖ ಹುದುಗಿಸಿದಳು. ಮರದ ಪುಡಿ, ಬೆವರು, ಒದ್ದೆ ಹೆಂಚು, ಎಲ್ಲ ಸೇರಿದ ವಾಸನೆ.

ಅಪ್ಪ ಅಮ್ಮ ಟೇಪು ಹಿಡಿದು ಮೇಲೆ ಹೋದರು. ಕಡ್ಡಿ ಮೆಟ್ಟಿಲ ಮೇಲೆ ಕೂತಳು. ಟೈಲರಮ್ಮನ ಮಗ ಬಂದು ಪಕ್ಕದಲ್ಲಿ ಕೂತ. ಆರು ವರ್ಷವಿರಬಹುದು. ಮುಂದಿನ ಎರಡು ಹಲ್ಲು ನಾಪತ್ತೆ.

"ಅವ್ರು ನಿಮ್ಮಪ್ಪಾನಾ?"

"ಹೂಂ."

"ನಮ್ಮಮ್ಮಂಗೆ ಒಂದು ಮೆಸೇಜ್ ಬಂದಿತ್ತು, ಗೊತ್ತಾ? ಚಾವಣಿ ಮುಗೀತು, ಧನ್ಯವಾದ ಅಂತ. ನಾನು ದಿಂಬು ಎತ್ಕೊಂಡು ನನ್ನ ರೂಮಿಗೆ ಓಡ್ದೆ."

"ಆಮೇಲೆ?"

"ಆಮೇಲೇನು? ಮೇಲೆ ನೋಡಿದ್ರೆ ಬರೀ ಆಕಾಶ!" ಅವನು ಕಿಸಕ್ಕನೆ ನಕ್ಕ. ಆಮೇಲೆ ನಗು ನಿಲ್ಲಿಸಿ, "ದಿಂಬು ವಾಪಸ್ ತಂದೆ," ಎಂದ.

ಕಡ್ಡಿಗೆ ನಗು ಬರಲಿಲ್ಲ. ಆಸೆಯಿಂದ ಓಡಿಹೋಗಿ ಬರಿಗೈಯಲ್ಲಿ ನಿಲ್ಲುವುದು ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮೆಸೇಜ್ ಕಳಿಸಿದ್ದು ನಾನೇ ಎಂದು ಹೇಳಲು ಬಾಯಿ ತೆರೆದಳು. ಹುಡುಗ ಅಷ್ಟರಲ್ಲಿ ತನ್ನ ಅಲ್ಲಾಡುವ ಮೂರನೇ ಹಲ್ಲನ್ನು ತೋರಿಸತೊಡಗಿದ.

ಮೂರು ಗಂಟೆಗೆ ಅಮ್ಮ ಬ್ಯಾಗು ಹೆಗಲಿಗೇರಿಸಿದಳು. ಬಸ್ಸಿಗೆ ಹೊತ್ತಾಗಿತ್ತು. ಅಪ್ಪ ಕಡ್ಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ.

"ಇವತ್ತು ನಾನೂ ಬಂದ್ಬಿಡ್ಲಾ? ನಾಳೆ ನಿನ್ನನ್ನ ಶಾಲೆಗೆ ಬಿಟ್ಟು ವಾಪಸ್ ಬಂದ್ರಾಯ್ತು. ಒಂದು ದಿನ ತಡ ಆಗುತ್ತೆ. ಅಷ್ಟೇ ತಾನೇ?"

'ಬಾ ಅಪ್ಪಾ' ಎನ್ನುವ ಮಾತು ಕಡ್ಡಿಯ ನಾಲಿಗೆ ತುದಿಗೆ ಬಂದು ನಿಂತಿತ್ತು. ಹುಡುಗ ಮೆಟ್ಟಿಲ ಮೇಲಿಂದ ಇವರನ್ನೇ ನೋಡುತ್ತಿದ್ದ.

"ಇನ್ನೂ ಬೆಳಕಿದೆಯಲ್ಲಪ್ಪಾ," ಎಂದಳು ಕಡ್ಡಿ. "ಎರಡು ಸಾಲು ಹಾಕಬಹುದಲ್ವಾ?"

ಅಪ್ಪ ಅವಳ ಮುಖವನ್ನೇ ನೋಡಿದ. "ಹಾಕಬಹುದು," ಎಂದ. ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಎದ್ದು, ಸಾರುವೆ ಹತ್ತಿದ.

"ನಿಮ್ಮಪ್ಪ ಹೋಗ್ಬಿಡ್ತಾರಾ?" ಎಂದು ಹುಡುಗ ಕೇಳಿದ.

"ಇಲ್ಲ ಕಣೋ. ನಿನ್ನ ರೂಮು ಆಗೋ ತನಕ ಇಲ್ಲೇ ಇರ್ತಾರೆ."

ಹುಡುಗ "ಅಮ್ಮಾ!" ಎಂದು ಕೂಗುತ್ತಾ ಒಳಗೆ ಓಡಿದ. ಕಡ್ಡಿ ಅಮ್ಮನ ಕೈ ಹಿಡಿದುಕೊಂಡಳು. ಮೇಲಿಂದ ಹೆಂಚು ಜೋಡಿಸುವ ಸದ್ದು ಕೇಳುತ್ತಿತ್ತು. ಬಸ್ ಸ್ಟಾಪಿನವರೆಗೂ ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಓಡಿಹೋಗಿ ಅಪ್ಪನನ್ನು ಕರೆದುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.