ಗುಂಡು ಹಾರದ ದಿನದ ಕೆಂಪು ಬಾವುಟ

"ಏಯ್, ನಿಲ್ಲಿ! ಬಾವುಟ ಮೇಲಿರೋದು ಕಾಣಲ್ವಾ?"

ಯಾರೋ ತೋಳು ಹಿಡಿದು ಎಳೆದ ರಭಸಕ್ಕೆ ನಿವೇತಾ ಚಹಾ ಎಲೆಯ ಮೂಟೆ ಸಮೇತ ಹುಲ್ಲಿನ ಮೇಲೆ ಬಿದ್ದಳು. ಮರುಕ್ಷಣವೇ ಎದುರು ಗುಡ್ಡದಲ್ಲಿ ಫಿರಂಗಿ ಗುಡುಗಿತು. ಎದೆ ನಡುಗಿತು... ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಕೈ ಬಿಡ್ರೀ! ಫ್ಯಾಕ್ಟರಿ ಲಾರಿ ಹೊರಟುಹೋಗುತ್ತೆ. ನನ್ನ ಎಲೆ ಬಾಡಿದ್ರೆ ನಿಮ್ಮ ಆಫೀಸರ್ ಬಂದು ಕುಡೀತಾನಾ?"

"ನೀವೇ ಇಲ್ಲದಿದ್ರೆ ನಾಳೆ ಎಲೆ ಕೀಳೋರು ಯಾರು?"

ಖಾಕಿ ಅಂಗಿ, ಒಣಕಲು ಮೈ, ನಗು ತಡೆದುಕೊಂಡ ಮುಖ. ಫಿರಂಗಿ ಹಾರಿಸುವ ಹೊತ್ತಿಗೆ ಕೆಂಪು ಬಾವುಟ ಏರಿಸಿ ದಾರಿ ತಡೆಯಲು ಹೊಸದಾಗಿ ಬಂದ ಕಾವಲುಗಾರ ನಂಜುಂಡೇಶ. ಮಸಿನಗುಡಿಯಲ್ಲಿ ಅಂಗಡಿ ಇಟ್ಟಿದ್ದ ಮೈಸೂರು ಕಡೆಯವರ ಮಗ.

ಕೊಡಿಮೇಡು ಅನ್ನೋ ಈ ಊರಿನ ಕಥೆಯೇ ಹಾಗೆ. ಬ್ರಿಟಿಷ್ ದೊರೆಗಳು ಫಿರಂಗಿ ಪರೀಕ್ಷೆಗೆ ಅಂತ ಗುಡ್ಡ ಹಿಡಿದಾಗ ಅಲ್ಲಿದ್ದ ಹಟ್ಟಿಯನ್ನೇ ಎಬ್ಬಿಸಿ ಕೆಳಗೆ ತಳ್ಳಿದರು. ನಿವೇತಾಳ ಹೆತ್ತೆ, ಅಂದರೆ ಅಜ್ಜಿ, ಆಗ ಅಮ್ಮನ ಸೊಂಟದ ಮೇಲಿದ್ದ ಕೂಸು. ದೊರೆಗಳು ಹೋದರು, ಕೆಂಪು ಬಾವುಟ ಹೋಗಲಿಲ್ಲ. ನಲ್ಲಿ ನೀರು, ಬೀದಿ ದೀಪ, ಬಸ್ಸು ನಿಲ್ಲೋ ಜಾಗ... ಎಲ್ಲಕ್ಕೂ ಇವತ್ತಿಗೂ ಸೇನೆಯ ಕ್ಯಾಂಪ್ ಆಫೀಸೇ ತಲೆಯಾಡಿಸಬೇಕು. ಜನ ಓಟಿಗೆ ಬೇಕು, ಮಾತಿಗೆ ಬೇಡ!

ಆ ಆಫೀಸು ಕರುಣಿಸಿದ್ದು ವರ್ಷಕ್ಕೆ ಒಂದೇ ದಿನ. ಅವತ್ತು ಬಾವುಟ ಏರೋದೇ ಇಲ್ಲ. ಹಟ್ಟಿಯವರು ಮೇಲೆ ಹತ್ತಿ, ಬಿದ್ದ ಮನೆಗಳ ಹೊಸ್ತಿಲ ಕಲ್ಲಿಗೆ ಹಾಲೆರೆದು ಬರುತ್ತಾರೆ.

ಬೈದವಳಿಗೆ ಬೈಸಿಕೊಂಡವನೇ ಹತ್ತಿರವಾದ. ಸಂಜೆ ಬಾವುಟ ಇಳಿಸಿದ ಮೇಲೆ ಅದನ್ನೇ ಮದುಮಗನ ಮುಂಡಾಸಿನ ಹಾಗೆ ತಲೆಗೆ ಸುತ್ತಿಕೊಂಡು, ಕೆಳಗೆ ತೋಟದಲ್ಲಿದ್ದ ನಿವೇತಾಳಿಗೆ ಕಾಣುವ ಹಾಗೆ ಮೀಸೆ ತಿರುವುತ್ತಿದ್ದ.

"ರೀ ಮೈಸೂರಿನವರೇ, ಸರ್ಕಾರದ ಬಾವುಟ ಅದು!"

"ಸರ್ಕಾರಕ್ಕೆ ಮದುವೆ ಬೇಡ. ನಂಗೆ ಬೇಕು!"

ಅವಳು ಎಲೆಮೂಟೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದಳು.

ಆದರೆ ಅವನು ಮನೆಗೆ ಬಂದು ಹೆಣ್ಣು ಕೇಳಿದಾಗ ಅಪ್ಪ ರಂಗನಾಥನ್ ಮುಖ ತಿರುಗಿಸಿದರು.

"ನಮ್ಮನ್ನು ತಡೆದು ನಿಲ್ಲಿಸೋದೇ ನಿನ್ನ ಸಂಬಳ. ಅಂಥವನಿಗೆ ಮಗಳನ್ನ ಕೊಡಲ್ಲಪ್ಪಾ."

ನಂಜುಂಡೇಶ ತಲೆ ತಗ್ಗಿಸಿ ಹೋದ.

ಅದಾದ ಮೂರನೇ ಬೆಳಿಗ್ಗೆಯೇ ಹಾಲೆರೆಯುವ ದಿನ. ಹೆತ್ತೆಯ ಹೃದಯ ಸೋತಿದೆ, ಇನ್ನೊಂದು ವರ್ಷದ ಮಾತು ಬೇಡ ಅಂತ ಊಟಿಯ ಡಾಕ್ಟರ್ ಹೇಳಿದ್ದರು. ಬಿಳಿ ಬಟ್ಟೆ ಹೊದ್ದು, ಹಾಲಿನ ಚೊಂಬು ಮಡಿಲಲ್ಲಿಟ್ಟುಕೊಂಡು ಹೆತ್ತೆ ಜೀಪಿನಲ್ಲಿ ಕೂತಿದ್ದಳು.

ಗುಡ್ಡದ ಗೇಟಿನ ಪಕ್ಕದ ಕಂಬದಲ್ಲಿ ಕೆಂಪು ಬಾವುಟ ಪಟಪಟ ಹಾರುತ್ತಿತ್ತು!

"ಇಳಿಸಿ!" ನಿವೇತಾ ಕಿರುಚಿದಳು.

"ಆಗಲ್ಲ ನಿವೇತಾ. ಇವತ್ತು ಯಾರೂ ಮೇಲೆ ಹೋಗೋ ಹಾಗಿಲ್ಲ." ನಂಜುಂಡೇಶ ಅಡ್ಡ ನಿಂತ.

"ಯಾಕೆ?"

ಅವನು ಗೇಟಿಗೆ ಬೀಗ ಹಾಕಿದ.

ಹಟ್ಟಿಯವರು ಮಧ್ಯಾಹ್ನದವರೆಗೂ ಕಾದರು. ಒಂದೇ ಒಂದು ಗುಂಡಿನ ಸದ್ದಿಲ್ಲ. ಕೊಡಿಮೇಡಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಬಾವುಟ ಅಂದರೆ ಗುಂಡು. ಗುಂಡಿಲ್ಲದೆ ಬಾವುಟ ಹಾರಿದರೆ ಅದು ಕಾವಲುಗಾರನ ಕೊಬ್ಬು!

'ಅಪ್ಪ ಇಲ್ಲ ಅಂದಿದ್ದಕ್ಕೆ ಸೇಡಾ? ಅದೂ ಸಾಯೋ ಮುದುಕಿಯ ಮೇಲೆ...?'

"ಇನ್ಮೇಲೆ ನನ್ನ ಮುಖ ನೋಡಬೇಡಿ!" ಅಂದವಳೇ ಜೀಪು ಹತ್ತಿದಳು.

ಮುಂದಿನ ಸಂಜೆಗಳಲ್ಲಿ ಅವಳು ಬೇಕಂತಲೇ ಬಾವುಟಕ್ಕೆ ಬೆನ್ನು ಹಾಕಿ ಎಲೆ ಕಿತ್ತಳು. ಬೆರಳು ಎಲೆಯ ಮೇಲೆ, ಜೀವ ಬೆನ್ನ ಹಿಂದೆ.

ಒಂದು ಬೆಳಿಗ್ಗೆ ಸೈರನ್ ಕೂಗಿತು. ಅದರ ಹಿಂದೆಯೇ ಧಡಾರ್!

ನಿವೇತಾ ಬೆಚ್ಚಿ ತಿರುಗಿದಳು. ಸದ್ದು ಬಂದದ್ದು ಎದುರು ಗುಡ್ಡದಿಂದಲ್ಲ. ಅವಳು ಕಂಡಂತೆ ಯಾವತ್ತೂ ಗುಂಡು ಬೀಳದ ಹಳೇ ಹಟ್ಟಿಯ ಕಡೆಯಿಂದ! ಬಾವುಟದ ಕಂಬದ ಕೆಳಗೆ ಅವನೂ ಇಲ್ಲ.

"ಅಯ್ಯೋ... ನಂಜುಂಡೇಶ!"

ಬುಟ್ಟಿ ಅಲ್ಲೇ ಬಿತ್ತು. ಚಪ್ಪಲಿ ಎಲ್ಲೋ ಹೋಯಿತು. ಗೇಟಿನ ಹತ್ತಿರ ಸಿಪಾಯಿಗಳು ತಡೆಯುವಷ್ಟರಲ್ಲಿ, ಮೈಯೆಲ್ಲ ಕೆಂಪು ದೂಳಾಗಿ ಅವನೇ ಇಳಿದು ಬರುತ್ತಿದ್ದ. ನಡೆದುಕೊಂಡು. ಜೀವಂತ!

ಅವಳು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಆಮೇಲೆ ಅದೇ ಎದೆಗೆ ಒರಗಿ ಅತ್ತಳು.

"ಹಾಲೆರೆಯೋ ಹಿಂದಿನ ದಿನ ದಾರಿ ಸವರೋಕೆ ಹೋಗಿದ್ದೆ," ಅವನು ಮೆಲ್ಲಗೆ ಹೇಳಿದ. "ಹೊಸ್ತಿಲ ಕಲ್ಲಿನ ಪಕ್ಕ, ಮಳೆಗೆ ಕೊಚ್ಚಿದ ಮಣ್ಣೊಳಗೆ ಸಿಡಿಯದ ಫಿರಂಗಿ ಗುಂಡು. ದೊರೆಗಳ ಕಾಲದ್ದು. ಹೆತ್ತೆ ಕೂರೋ ಜಾಗದಲ್ಲೇ..."

"ಹೇಳೋಕೆ ಏನಾಗಿತ್ತು?"

"ಸುದ್ದಿ ಹೊರಗೆ ಹೋದ್ರೆ ದಾರಿಗೆ ಶಾಶ್ವತವಾಗಿ ಬೇಲಿ ಹಾಕ್ತೀವಿ ಅಂದ್ರು ಆಫೀಸಲ್ಲಿ. ಮುಚ್ಚೋದು ಅವರಿಗೆ ಸುಲಭ! ದಿನಾ ಹೋಗಿ ಬಾಗಿಲಲ್ಲಿ ನಿಂತು ಪೀಡಿಸಿದೆ. ಇವತ್ತು ಗುಂಡು ತೆಗೆಯೋ ಪಡೆ ಬಂತು, ದೂರಕ್ಕೆ ಒಯ್ದು ಸಿಡಿಸಿದ್ರು."

"ನಂಗೊಬ್ಬಳಿಗೆ ಹೇಳಬಹುದಿತ್ತಲ್ವಾ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಆಫೀಸ್ ಬಾಗಿಲು ಒದೀತಿದ್ದೆ."

"ಒದೀತಿದ್ದೆ!"

"ಅದಕ್ಕೇ ಹೇಳಲಿಲ್ಲ. ಹೆತ್ತೆಗೆ ಅವಳ ಮನೆ ಸಿಗೋದಾದ್ರೆ ನೀನು ನನ್ನ ದ್ವೇಷಿಸಿದ್ರೂ ಸರಿ ಅಂದ್ಕೊಂಡೆ... ಸುಲಭ ಅಲ್ಲ ನಿವೇತಾ. ನಿನ್ನ ಬೆನ್ನು ನೋಡಿ ನೋಡಿ ಸಾಕಾಯ್ತು."

ಮರುದಿನ ಬಾವುಟ ಏರಲಿಲ್ಲ. ಜೀಪು ಹೋಗದ ಏರಿನಲ್ಲಿ ಹೆತ್ತೆಯನ್ನು ಬೆನ್ನ ಮೇಲೆ ಹೊತ್ತು ಹತ್ತಿದವನು ನಂಜುಂಡೇಶ. ದೂಳು ತಾಗದಿರಲಿ ಅಂತ ತಲೆಗೆ ಅದೇ ಕೆಂಪು ಬಾವುಟ!

ಹೆತ್ತೆ ಹೊಸ್ತಿಲ ಕಲ್ಲಿಗೆ ಹಾಲೆರೆದಳು. ಬಾಗಿ ಕೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡಳು. ಆಮೇಲೆ ಅವನ ತಲೆ ನೋಡಿ ಬೊಚ್ಚುಬಾಯಲ್ಲಿ ನಕ್ಕಳು.

"ಕೆಂಪು ಬೇಡಪ್ಪಾ ಮಗ. ನಮ್ಮ ಹಟ್ಟಿ ಗಂಡು ಕಟ್ಟೋದು ಬಿಳೀದು."

ಎಲ್ಲರೂ ರಂಗನಾಥನ್ ಕಡೆ ತಿರುಗಿದರು. ಅವರು ತಮ್ಮ ಬಿಳಿ ಮುಂಡಾಸು ಬಿಚ್ಚಿ, ಅವನ ತಲೆಗೆ ತಾವೇ ಸುತ್ತಿದರು.

ಇಳಿಯುವ ದಾರಿಯಲ್ಲಿ ನಿವೇತಾ ಎರಡು ಹೆಜ್ಜೆ ಹಿಂದುಳಿದು ಅವನ ಪಕ್ಕ ಬಂದಳು.

"ನಾಳೆ ಬಾವುಟ ಏರಿಸ್ತೀಯಾ?" ಮೊದಲ ಸಲ ಏಕವಚನ ಬಂದಿತ್ತು.

"ಏರಿಸ್ಲೇಬೇಕಲ್ಲ. ಬೈತೀಯಾ?"

"ಬೈತೀನಿ. ಸಂಜೆ ಇಳಿಸೋವರೆಗೂ ಕಾಯ್ತಾ ಕೂತು ಬೈತೀನಿ... ಜೀವನ ಪೂರ್ತಿ!"